ಮಧ್ಯಾಹ್ನದ ಊಟದ ಜೊತೆ ಒಂದು ಮಾತ್ರೆ: ಎಚ್‌ಐವಿ ಗೊತ್ತಾದ ಮೇಲೆ ಔಷಧಿ ಶುರು ಮಾಡುವವರಿಗೆ

ನನಗೆ ಎಚ್‌ಐವಿ ಇದೆ ಅಂತ ಗೊತ್ತಾಗಿದ್ದು 2021ರ ಅಕ್ಟೋಬರ್‌ನಲ್ಲಿ. ಆಯುಧಪೂಜೆ ಮುಗಿದು ವಾರವಾಗಿತ್ತು. ಬಸ್ಸಿನ ಮುಂದೆ ಕಟ್ಟಿದ್ದ ಬಾಳೆಕಂದು ಒಣಗಿ ನೇತಾಡುತ್ತಿತ್ತು. ನಾನು ಬೆಂಗಳೂರಿನಲ್ಲಿ ಸಿಟಿ ಬಸ್ ಕಂಡಕ್ಟರ್. ಆಗ ನನಗೆ 38 ವರ್ಷ. ಬಲಗಡೆ ಪಕ್ಕೆಯಿಂದ ಬೆನ್ನಿನವರೆಗೆ ಸರ್ಪಸುತ್ತು ಎದ್ದಿತ್ತು. ಅವ್ವ ಮಾಗಡಿ ಕಡೆಯ ನಮ್ಮೂರಿಂದ ಬಂದು ಕೆಮ್ಮಣ್ಣು ಕಲಸಿ ಹಚ್ಚಿದಳು. ಮೂರು ದಿನ ಹಚ್ಚಿದರೂ ಉರಿ ಇಳಿಯಲಿಲ್ಲ. ಬ್ಯಾಗಿನ ಪಟ್ಟಿ ತಾಗಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. "ಹೋದ ವರ್ಷವೂ ಒಂದ್ಸಲ ಬಂದಿತ್ತು ಅಂತೀರ. ಒಂದು ಎಚ್‌ಐವಿ ಪರೀಕ್ಷೆ ಮಾಡಿಸೋಣ್ವಾ?" ಅಂತ ಕೇಳಿದರು. ಆಯ್ತು ಸರ್ ಅಂದೆ.

ಹೇಗೆ ಬಂತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಾತ್ರೆ ಕೊಡುವ ಕಡೆಯೂ ಅದಕ್ಕಾಗಿ ಯಾರೂ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಲಿಲ್ಲ. ಈ ವಾರ, ಈ ತಿಂಗಳು ಯಾರಿಗಾದರೂ ರಿಪೋರ್ಟ್ ಕೈಗೆ ಬಂದಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೊನೆ. ಆದರೆ ದಿನಾ ಒಂದು ಮಾತ್ರೆ ನುಂಗುವುದು ಅಂದರೆ ಏನು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಮಾತ್ರೆ ಸಿಗುವುದು ಕಷ್ಟವಿಲ್ಲ, ಅದು ಉಚಿತ. ಕಷ್ಟ ಇರುವುದು ಆ ಮಾತ್ರೆಗೆ ನಿಮ್ಮ ದಿನದಲ್ಲಿ ಒಂದು ಜಾಗ ಮಾಡಿಕೊಡುವುದರಲ್ಲಿ.

ಮೊದಲ ವಾರ

ರಿಪೋರ್ಟ್ ಬಂದ ದಿನ ನನ್ನ ಕೈಕಾಲು ಆಡಲಿಲ್ಲ. ಮೆಜೆಸ್ಟಿಕ್‌ನಲ್ಲಿ ಯಾವ ಬಸ್ಸೂ ಹತ್ತದೆ ಎರಡು ಗಂಟೆ ಕೂತಿದ್ದೆ. ದಿನಾ ಅದೇ ನಿಲ್ದಾಣದಲ್ಲಿ ನೂರಾರು ಜನರನ್ನು ಹತ್ತಿಸಿ ಇಳಿಸುವವನು ನಾನು. ನಿಮಗೂ ಹಾಗೇ ಆಗಬಹುದು. ಆದರೆ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೇಗ ಮಾತ್ರೆ ಶುರು ಮಾಡಿ, ತಪ್ಪದೆ ನುಂಗಿದರೆ ಉಳಿದವರಷ್ಟೇ ವರ್ಷ ಬದುಕಬಹುದು. ನಾವು ಚಿಕ್ಕವರಿದ್ದಾಗ ಗೋಡೆ ಮೇಲೆ ಬರೆದಿದ್ದ ತಲೆಬುರುಡೆಯ ಕಾಲ ಇದಲ್ಲ.

ಖಾಸಗಿ ಲ್ಯಾಬ್‌ನಲ್ಲಿ ಪರೀಕ್ಷೆ ಆಗಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಲಹೆ, ಪರೀಕ್ಷೆ ಎರಡೂ ಸಿಗುವ ಕೇಂದ್ರ) ಹೋಗಿ ಇನ್ನೊಮ್ಮೆ ಮಾಡಿಸಿ. ಅಲ್ಲಿ ಒಂದೇ ಕಿಟ್ ನೋಡಿ ಪಾಸಿಟಿವ್ ಅನ್ನುವುದಿಲ್ಲ. ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ನೋಡಿ ಖಚಿತ ಮಾಡುತ್ತಾರೆ. ದುಡ್ಡಿಲ್ಲ. ಅಲ್ಲಿರುವ ಆಪ್ತ ಸಮಾಲೋಚಕರೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಕೊಡುವ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ಬೆಂಗಳೂರಿನಲ್ಲಿ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರಗಳಿವೆ, ಬೇರೆ ಕಡೆಯೂ ಇವೆ. ನಾನು ಹೋಗುವುದು ಯಾವುದಕ್ಕೆ ಅಂತ ಹೇಳುವುದಿಲ್ಲ, ಕಾರಣ ನಿಮಗೆ ಗೊತ್ತೇ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ದೇಶಕ್ಕೆಲ್ಲ ಒಂದೇ ಏಡ್ಸ್ ಸಹಾಯವಾಣಿ, ಫೋನ್‌ಗೆ ಚಾರ್ಜ್ ಇಲ್ಲ, ಹೆಸರು ಹೇಳಬೇಕಾಗಿಲ್ಲ. ನಾನು ಮೊದಲ ರಾತ್ರಿ ಟೆರೇಸ್ ಮೇಲೆ ನಿಂತು ಮಾಡಿದ್ದು ಆ ನಂಬರಿಗೇ.

"ಸಿಡಿ4 ಇಳಿಯುವವರೆಗೆ ಕಾಯಬೇಕು" ಅಂತ ಯಾರಾದರೂ ಹಳಬರು ಹೇಳಿದರೆ ಅದು ಹಳೇ ಲೆಕ್ಕ. ಸಿಡಿ4 ಅಂದರೆ ಸೋಂಕಿನ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ, ಎಚ್‌ಐವಿ ಅದನ್ನು ಇಳಿಸುತ್ತದೆ. 2017ರಿಂದ ನಮ್ಮ ದೇಶದಲ್ಲಿ ಎಚ್‌ಐವಿ ಇರುವ ಎಲ್ಲರಿಗೂ, ಸಿಡಿ4 ಎಷ್ಟೇ ಇರಲಿ, ಔಷಧಿ ಕೊಡುತ್ತಾರೆ. ಹಾಗಾಗಿ ಯುಗಾದಿ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ಮುಂದೂಡಬೇಡಿ.

ಕೇಂದ್ರದ ಮೊದಲ ದಿನ

ಆ ದಿನ ರಜೆ ಹಾಕಿ. ಬೆಳಿಗ್ಗೆ ತಿಂಡಿ ತಿಂದು ಹೋಗಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಐಸಿಟಿಸಿ ರಿಪೋರ್ಟ್, ಆಧಾರ್ ಅಥವಾ ವಿಳಾಸಕ್ಕೆ ಬೇರೆ ಯಾವುದಾದರೂ ಗುರುತು, ಹಳೇ ಆಸ್ಪತ್ರೆ ಚೀಟಿಗಳು ಜೊತೆಗಿರಲಿ. ಹೆಸರು ಬರೆಸುತ್ತೀರಿ, ಸಮಾಲೋಚಕರ ಜೊತೆ ಮಾತು, ಡಾಕ್ಟರ್, ರಕ್ತ ಕೊಡುವುದು, ಎದೆಯ ಎಕ್ಸ್‌ರೇ. ರಕ್ತದಲ್ಲಿ ಸಿಡಿ4, ಹಿಮೋಗ್ಲೋಬಿನ್, ಕಿಡ್ನಿ, ಲಿವರ್, ಸಕ್ಕರೆ, ಹೆಪಟೈಟಿಸ್ ಬಿ ನೋಡುತ್ತಾರೆ. ಒಂದು ಪುಸ್ತಕ ಕೊಡುತ್ತಾರೆ, ಹಸಿರು ಪುಸ್ತಕ ಅಂತಾರೆ. ಅದನ್ನು ಪಾಸ್‌ಬುಕ್ ಹಾಗೆ ಜೋಪಾನ ಮಾಡಿ.

ಡಾಕ್ಟರ್ ಕೆಮ್ಮು, ಜ್ವರ, ತೂಕ ಇಳಿದದ್ದು, ರಾತ್ರಿ ಬೆವರುವುದು ಈ ನಾಲ್ಕನ್ನೂ ಕೇಳುತ್ತಾರೆ. ಇಲ್ಲಿ ಏನನ್ನೂ ಮುಚ್ಚಿಡಬೇಡಿ. ಟಿಬಿ ಇದೆಯಾ ಅಂತ ನೋಡುವುದಕ್ಕೆ ಆ ಪ್ರಶ್ನೆ. ಟಿಬಿ ಇದ್ದರೆ ಅದರ ಔಷಧಿ ಮೊದಲು ಶುರು ಮಾಡಿ, ಎಆರ್‌ಟಿ ಸ್ವಲ್ಪ ದಿನ ಬಿಟ್ಟು ಕೊಡುತ್ತಾರೆ. ಟಿಬಿ ಇಲ್ಲದಿದ್ದರೆ ಮುಂದೆ ಬರದಿರಲಿ ಅಂತ 6 ತಿಂಗಳು ಐಸೋನಿಯಜಿಡ್ ಮಾತ್ರೆ ಕೊಡುವುದುಂಟು. ನನಗೆ ಕೊಟ್ಟರು. ಆ 6 ತಿಂಗಳು ಹೆಂಡ, ಬ್ರಾಂಡಿ ಯಾವುದನ್ನೂ ಮುಟ್ಟಬೇಡಿ, ಲಿವರ್‌ಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ.

ನನ್ನ ಸಿಡಿ4 218 ಇತ್ತು. 350ಕ್ಕಿಂತ ಕಡಿಮೆ ಅಂತ ಕೋಟ್ರೈಮೋಕ್ಸಜೋಲ್ ಅನ್ನುವ ಇನ್ನೊಂದು ಮಾತ್ರೆಯೂ ಬಂತು. ಬೇರೆ ಸೋಂಕು ತಗುಲದಿರಲಿ ಅಂತ ಅದು. ಸಿಡಿ4 ಏರಿ ನಿಂತ ಮೇಲೆ ಅದನ್ನು ನಿಲ್ಲಿಸಿದರು. ಅದು ಸಲ್ಫಾ ಜಾತಿಯ ಮಾತ್ರೆ, ಅಂಥದ್ದು ನಿಮಗೆ ಹಿಂದೆ ಯಾವಾಗಲಾದರೂ ಒಗ್ಗದೆ ಮೈ ಕೆರೆದಿದ್ದರೆ ಇಲ್ಲೇ ಹೇಳಿಬಿಡಿ.

ಒಂದೇ ಮಾತ್ರೆ, ಒಳಗೆ ಮೂರು ಔಷಧಿ

ಈಗ ದೊಡ್ಡವರಲ್ಲಿ ಹೊಸದಾಗಿ ಶುರು ಮಾಡುವ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ. ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೆ ಒಂದು ಸಲ. ಉದ್ದನೆಯ ದಪ್ಪ ಮಾತ್ರೆ. ತಿಂದೂ ನುಂಗಬಹುದು, ಬರೀ ಹೊಟ್ಟೆಯಲ್ಲೂ ನುಂಗಬಹುದು. ಈ ಮೂರು ಔಷಧಿ ಸೇರಿ ವೈರಸ್ ಹುಟ್ಟಿಕೊಳ್ಳದ ಹಾಗೆ ತಡೆಯುತ್ತವೆ. ವೈರಸ್ಸನ್ನು ಬೇರು ಸಮೇತ ಕೀಳುವುದಿಲ್ಲ. ಅದಕ್ಕೇ ದಿನಾ ಬೇಕು. ಮಾತ್ರೆ ಆಗಾಗ ತಪ್ಪಿದರೆ ರಕ್ತದಲ್ಲಿ ಔಷಧಿ ತೆಳ್ಳಗಾಗುತ್ತದೆ. ಆ ತೆಳ್ಳಗಿನ ಔಷಧಿಯಲ್ಲಿ ಬದುಕಿ ಉಳಿದ ವೈರಸ್ ಅದಕ್ಕೆ ಪಳಗಿಬಿಡುತ್ತದೆ. ಆಮೇಲೆ ಅದೇ ಮಾತ್ರೆ ಕೆಲಸ ಮಾಡುವುದಿಲ್ಲ.

ಹೆಪಟೈಟಿಸ್ ಬಿ ಕೂಡ ಇರುವವರು ಇನ್ನೂ ಹುಷಾರಾಗಿರಬೇಕು. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಅದನ್ನೂ ಹಿಡಿದಿಟ್ಟಿರುತ್ತವೆ. ತಟ್ಟನೆ ನಿಲ್ಲಿಸಿದರೆ ಲಿವರ್ ಒಮ್ಮೆಲೇ ಕೆಡಬಹುದು.

ಗಡಿಯಾರ ನೋಡಬೇಡಿ, ನಿಮ್ಮ ದಿನ ನೋಡಿ

ಇದು ನನಗೆ ಯಾರೂ ಮೊದಲೇ ಹೇಳದಿದ್ದ ಮಾತು, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

"ಒಂದು ಟೈಮ್ ಹೇಳಿ" ಅಂದರು ಸಮಾಲೋಚಕ ಮೇಡಂ. ಯೋಚನೆ ಮಾಡದೆ ರಾತ್ರಿ 9 ಅಂದೆ. ಎಲ್ಲರೂ ರಾತ್ರಿ 9 ಅಂತಾರಂತೆ. ಮೊದಲ ವಾರ ನನಗೆ ಫಸ್ಟ್ ಶಿಫ್ಟ್. ಬೆಳಿಗ್ಗೆ 5ಕ್ಕೆ ಡಿಪೋದಲ್ಲಿದ್ದರೆ ಮಧ್ಯಾಹ್ನ ಮನೆ. 9ಕ್ಕೆ ಅಲಾರಂ ಹೊಡೆಯುತ್ತಿತ್ತು, ನುಂಗುತ್ತಿದ್ದೆ. ಎರಡನೇ ವಾರ ಸೆಕೆಂಡ್ ಶಿಫ್ಟ್ ಬಂತು. ರಾತ್ರಿ 9 ಅಂದರೆ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಒಂದು ಕೈಯಲ್ಲಿ ಟಿಕೆಟ್ ಮಷೀನ್, ಇನ್ನೊಂದು ಕೈಯಲ್ಲಿ ಚಿಲ್ಲರೆ, ಜೇಬಿನಲ್ಲಿ ಅಲಾರಂ. ನಿಲ್ಲಿಸಿ "ಆಮೇಲೆ ನುಂಗೋಣ" ಅಂದುಕೊಳ್ಳುತ್ತಿದ್ದೆ. ಕ್ಯಾಶ್ ಕಟ್ಟಿ ಮನೆ ಸೇರುವಾಗ 11 ದಾಟಿರುತ್ತಿತ್ತು, ಹಾಸಿಗೆ ಕಂಡರೆ ಸಾಕು. ಎರಡು ತಿಂಗಳಲ್ಲಿ ಮೂರು ಮಾತ್ರೆ ಬಿಟ್ಟೆ. ಜೊತೆಗೆ ರಾತ್ರಿ ನುಂಗಿದ ದಿನ ನಿದ್ದೆ ಸರಿ ಬರುತ್ತಿರಲಿಲ್ಲ, ಏನೇನೋ ಕನಸು.

ಒಂದು ಭಾನುವಾರ ಮಗಳ ನೋಟ್‌ಬುಕ್ಕಿನ ಹಾಳೆ ತಗೊಂಡು ನನ್ನ ಎರಡೂ ಶಿಫ್ಟ್‌ಗಳನ್ನು ಒಂದರ ಕೆಳಗೆ ಒಂದು ಬರೆದೆ. ಏಳುವುದು, ಸ್ನಾನ, ತಿಂಡಿ, ಮೊದಲ ಟ್ರಿಪ್, ಊಟ, ಕ್ಯಾಶ್, ಮಲಗುವುದು. ಫಸ್ಟ್ ಶಿಫ್ಟ್ ಮುಗಿಸಿ ಮನೆಯಲ್ಲಿ ಊಟಕ್ಕೆ ಕೂರುವುದು 2 ಗಂಟೆ ಹೊತ್ತಿಗೆ. ಸೆಕೆಂಡ್ ಶಿಫ್ಟ್ ಇದ್ದರೆ ಮನೆಯಲ್ಲಿ ಊಟ ಮಾಡಿ ಹೊರಡುವುದು 12.30ಕ್ಕೆ. ಯಾವ ಶಿಫ್ಟ್ ಆದರೂ ನಾನು ಬಸ್ಸಿನಿಂದ ಇಳಿದು, ಮನೆಯಲ್ಲಿ, ತಟ್ಟೆ ಮುಂದೆ ಇರುವ ಹೊತ್ತು ಅದೊಂದೇ. ಎರಡಕ್ಕೂ ಅಂತರ ಒಂದೂವರೆ ಗಂಟೆ. ಆ ಹಾಳೆಯನ್ನೇ ತಗೊಂಡು ಹೋಗಿ ಮೇಡಂಗೆ ತೋರಿಸಿದೆ. ಡಾಕ್ಟರನ್ನು ಕೇಳಿ ಬಂದು, "ಇಷ್ಟು ಹಿಂದೆ ಮುಂದೆ ಆದ್ರೆ ಪರವಾಗಿಲ್ಲ, ದಿನ ಬಿಡಬಾರದು ಅಷ್ಟೇ" ಅಂದರು. ಅವತ್ತಿನಿಂದ ನನ್ನ ಮಾತ್ರೆ ಮುದ್ದೆ ತಟ್ಟೆಯ ಪಕ್ಕಕ್ಕೆ ಬಂತು. ನೈಟ್ ಹಾಲ್ಟ್ ಇದ್ದರೂ ಮಧ್ಯಾಹ್ನದ ಊಟ ತಪ್ಪುವುದಿಲ್ಲ. ಕನಸಿನ ಕಾಟವೂ ಕಡಿಮೆಯಾಯಿತು.

ನೀವು ಗಾರ್ಮೆಂಟ್ಸ್‌ಗೆ ಹೋಗುವವರೋ, ಹೂವಿನ ಅಂಗಡಿಯವರೋ, ರಾತ್ರಿ ಕೆಲಸದ ಸೆಕ್ಯುರಿಟಿಯವರೋ, ಮನೆಯಲ್ಲೇ ಇರುವವರೋ, ಹೀಗೆ ಒಂದು ಹಾಳೆಯಲ್ಲಿ ಬರೆದು ನೋಡಿ. ಕೆಲಸದ ದಿನ, ರಜೆ ದಿನ, ಹಬ್ಬದ ದಿನ ಎಲ್ಲದರಲ್ಲೂ ತಪ್ಪದೆ ನಡೆಯುವ ಕೆಲಸ ಯಾವುದು? ಹಲ್ಲುಜ್ಜುವುದಾ, ದೀಪ ಹಚ್ಚುವುದಾ, ಕಾಫಿಯಾ? ಮಾತ್ರೆಯನ್ನು ಅದರ ಬಾಲಕ್ಕೆ ಕಟ್ಟಿ. ಅಲಾರಂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅಲಾರಂ ಹೊಡೆದಾಗ ಕೈಗೆ ಮಾತ್ರೆ, ಪಕ್ಕದಲ್ಲಿ ನೀರು ಇರಬೇಕು.

ಗುಲಾಬಿ ಬಣ್ಣದ ಬಾಟಲಿ

ಊಟಕ್ಕೆ ಮಾತ್ರೆ ಸೇರಿಸಿದ ಮೇಲೆ ಒಂದೂ ತಪ್ಪಲಿಲ್ಲ. ಧೈರ್ಯವಾಗಿದ್ದೆ. 6 ತಿಂಗಳಾದಾಗ ವೈರಲ್ ಲೋಡ್ ಪರೀಕ್ಷೆ ಮಾಡಿಸಿದರು. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ ಅದು. 1000ಕ್ಕಿಂತ ಕೆಳಗೆ ಬರಬೇಕಿತ್ತು. ನನಗೆ 2,300 ಬಂತು.

ಮಾತ್ರೆ ಎಣಿಸಿದರು, ಸರಿಯಿತ್ತು. "ಮನೆಯಲ್ಲಿ ನೀವು ನುಂಗೋದು, ಕುಡಿಯೋದು ಎಲ್ಲಾ ಒಂದು ಕವರ್‌ಗೆ ಹಾಕಿಕೊಂಡು ಬನ್ನಿ" ಅಂದರು ಮೇಡಂ. ಮುಂದಿನ ವಾರ ತಗೊಂಡು ಹೋದೆ. ಟಿಎಲ್‌ಡಿ ಬಾಟಲಿ, ಸೊಂಟನೋವಿನ ಮಾತ್ರೆ, ಅರ್ಧ ಖಾಲಿಯಾಗಿದ್ದ ಗುಲಾಬಿ ಬಣ್ಣದ ಗ್ಯಾಸ್ ಔಷಧಿ. ಡಾಕ್ಟರ್ ಉಳಿದದ್ದನ್ನು ಪಕ್ಕಕ್ಕಿಟ್ಟು ಆ ಬಾಟಲಿ ಎತ್ತಿಕೊಂಡರು.

"ಇದು ಯಾವಾಗ ಕುಡೀತೀರ?"

"ಊಟ ಆದ ತಕ್ಷಣ ಸರ್. ಎರಡು ಮುಚ್ಚಳ."

"ದಿನಾನಾ?"

"ಡ್ಯೂಟಿ ಇರೋ ದಿನ ಎಲ್ಲಾ ಸರ್. ಟೈಮಿಗೆ ತಿಂಡಿ ಇರಲ್ಲ, ಎದೆ ಉರಿ."

ಅವರು ಬಾಟಲಿಯ ಲೇಬಲ್ ಮೇಲೆ ಬೆರಳಿಟ್ಟು ಓದಿಸಿದರು. ಅಲ್ಯೂಮಿನಿಯಂ, ಮೆಗ್ನೀಸಿಯಂ. ಈ ಲೋಹಗಳು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡುಬಿಡುತ್ತವೆ. ಅಂಟಿಕೊಂಡ ಔಷಧಿ ರಕ್ತಕ್ಕೆ ಸೇರುವುದಿಲ್ಲ. ನಾನು ತಿಂಗಳುಗಟ್ಟಲೆ ಮಾತ್ರೆ ನುಂಗಿ, ಹತ್ತು ನಿಮಿಷಕ್ಕೆ ಅದರ ಶಕ್ತಿಯನ್ನು ನಾನೇ ಕಸಿದುಕೊಳ್ಳುತ್ತಿದ್ದೆ. ಗ್ಯಾಸ್ ಔಷಧಿ ಅಂತ ಯಾರಾದರೂ ಡಾಕ್ಟರಿಗೆ ಹೇಳುತ್ತಾರಾ? ನಾನು ಅದನ್ನು ಔಷಧಿ ಅಂತಲೇ ಎಣಿಸಿರಲಿಲ್ಲ.

ಹಾಗಾಗಿ ನೆನಪಿಡಿ. ಇಂಥ ಗ್ಯಾಸ್ ಸಿರಪ್ಪು, ಚೀಪುವ ಗ್ಯಾಸ್ ಮಾತ್ರೆ ತಗೊಳ್ಳಲೇಬೇಕಾದರೆ, ಟಿಎಲ್‌ಡಿ ನುಂಗಿ ಕನಿಷ್ಠ 2 ಗಂಟೆ ಆದ ಮೇಲೆ ತಗೊಳ್ಳಿ. ಗ್ಯಾಸ್ ಔಷಧಿ ಮೊದಲು ತಗೊಂಡಿದ್ದರೆ ಟಿಎಲ್‌ಡಿ ನುಂಗಲು 6 ಗಂಟೆ ಬಿಡಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೂ ಇದೇ ಅಂತರ. ಆದರೆ ಊಟದ ಜೊತೆ ಆದರೆ ಅವೆರಡನ್ನು ಟಿಎಲ್‌ಡಿ ಜೊತೆಗೇ ನುಂಗಬಹುದು. ಬಸುರಿ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು, ಅವರಿಗೆ ಈ ಎರಡೂ ಇದ್ದೇ ಇರುತ್ತವೆ. ಜಿಂಕ್ ಇರುವ ವಿಟಮಿನ್ ಮಾತ್ರೆಯನ್ನೂ ತೋರಿಸಿ ಕೇಳಿ. ಭಸ್ಮ ಸೇರಿದ ನಾಟಿ ಔಷಧಿಯಲ್ಲೂ ಲೋಹವೇ ಇರುವುದು. ನನಗೆ ಡಾಕ್ಟರ್ ಸಿರಪ್ ಬಿಡಿಸಿ ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು, ಅದು ಡೊಲುಟೆಗ್ರಾವಿರ್‌ಗೆ ಅಡ್ಡ ಬರುವುದಿಲ್ಲ. ಬೆಳಿಗ್ಗೆ ಡಿಪೋ ಹತ್ತಿರ ಎರಡು ಇಡ್ಲಿಯಾದರೂ ತಿನ್ನುವುದನ್ನು ರೂಢಿ ಮಾಡಿಕೊಂಡೆ, ಎದೆ ಉರಿ ಅರ್ಧ ಅದರಿಂದಲೇ ಹೋಯಿತು.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಮೊದಲ ದಿನವೇ ಹೇಳಿ. ಟಿಎಲ್‌ಡಿ ಜೊತೆ ಅದು ದಿನಕ್ಕೆ 1000 ಮಿ.ಗ್ರಾಂ ಮೀರಬಾರದು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಇನ್ನೊಂದು ಮಾತ್ರೆ ಅವರೇ ಕೊಡುತ್ತಾರೆ. ಮೂರ್ಛೆ ರೋಗದ ಕೆಲವು ಮಾತ್ರೆಗಳೂ ಇದಕ್ಕೆ ಅಡ್ಡ ಬರುತ್ತವೆ.

ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ವೈರಸ್ ಪತ್ತೆಯಾಗಲಿಲ್ಲ. ಆ ಚೀಟಿಯನ್ನು ನಾನು ಮಡಚಿ ಪರ್ಸಿನಲ್ಲಿ ವೆಂಕಟರಮಣನ ಫೋಟೋ ಹಿಂದೆ ಇಟ್ಟಿದ್ದೇನೆ.

ಮರೆತರೆ ಏನು ಮಾಡಬೇಕು

ನೆನಪಾದ ತಕ್ಷಣ ನುಂಗಿ. ಮುಂದಿನ ಮಾತ್ರೆಗೆ 4 ಗಂಟೆಗಿಂತ ಕಡಿಮೆ ಉಳಿದಿದ್ದರೆ ತಪ್ಪಿದ್ದನ್ನು ಬಿಟ್ಟು, ಮುಂದಿನದನ್ನು ಅದರ ಹೊತ್ತಿಗೆ ನುಂಗಿ. ತಪ್ಪಿತು ಅಂತ ಎರಡು ಒಟ್ಟಿಗೆ ನುಂಗಬೇಡಿ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ.

ನುಂಗಿದೆನೋ ಇಲ್ಲವೋ ಅನ್ನುವ ಅನುಮಾನವೇ ಮರೆವಿಗಿಂತ ದೊಡ್ಡ ಕಾಟ. ನಾನು ಕಂಡಕ್ಟರ್, ಲೆಕ್ಕ ತಾಳೆ ಆಗದೆ ಮಲಗಿ ಅಭ್ಯಾಸವಿಲ್ಲ. ಬಾಟಲಿಯಲ್ಲಿ 30 ಇರುತ್ತದೆ. ಹೊಸ ಬಾಟಲಿ ಒಡೆದ ದಿನ ಕ್ಯಾಲೆಂಡರ್‌ನಲ್ಲಿ ಒಂದು ಚುಕ್ಕೆ ಇಡುತ್ತೇನೆ. ನುಂಗಿದ ದಿನದ ಮೇಲೆ ಸಣ್ಣ ಗೆರೆ. ಗೋಡೆ ಮೇಲಿನ ಕ್ಯಾಲೆಂಡರ್ ತಾನೇ, ಹಾಲಿನ ಲೆಕ್ಕ ಅಂದುಕೊಳ್ಳುತ್ತಾರೆ ನೋಡಿದವರು. ಭಾನುವಾರ ಬಾಟಲಿ ಬಗ್ಗಿಸಿ ಎಣಿಸುತ್ತೇನೆ. ಗೆರೆ ಎಷ್ಟು, ಉಳಿದದ್ದು ಎಷ್ಟು, ಕೂಡಿದರೆ 30 ಬರಬೇಕು. ನುಂಗಿದ ಮಾತ್ರೆ ನೂರಕ್ಕೆ 95ಕ್ಕಿಂತ ಮೇಲೆ ಇರಬೇಕು ಅಂತಾರೆ ಕೇಂದ್ರದಲ್ಲಿ. ಕೇಳಲು ಸಲೀಸು ಅನ್ನಿಸುತ್ತದೆ, ಆದರೆ 30ರಲ್ಲಿ 2 ಬಿಟ್ಟರೆ 95ರ ಕೆಳಗೆ ಬಂದಿರಿ ಅಂತ ಅರ್ಥ. ತಪ್ಪಿದ್ದರೆ ಮೇಡಂ ಹತ್ತಿರ ಸುಳ್ಳು ಹೇಳಬೇಡಿ. ಮಾತ್ರೆ ಎಣಿಸುವ ದಿನಕ್ಕೆ ಮುಂಚೆ ಉಳಿದದ್ದನ್ನು ಎಸೆದು ಹೋಗುವವರಿದ್ದಾರೆ. ಅದು ಅವರಿಗೇ ಮೋಸ.

ಮೈಗೆ ಏನೇನು ಆಗಬಹುದು

ಮೊದಲ ಎರಡು ಮೂರು ವಾರ ತಲೆನೋವು, ವಾಕರಿಕೆ, ನಿದ್ದೆ ಕೆಡುವುದು ಇರಬಹುದು. ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ನಿದ್ದೆ ಕೆಟ್ಟರೆ ಮಾತ್ರೆಯನ್ನು ಹಗಲಿಗೆ ಬದಲಾಯಿಸುವ ಬಗ್ಗೆ ಕೇಳಿ. ತೂಕ ಏರಬಹುದು, ನನಗೆ ಮೊದಲ ವರ್ಷ 7 ಕೆ.ಜಿ. ಏರಿತು. ಟೆನೊಫೊವಿರ್ ಕೆಲವರಿಗೆ ಕಿಡ್ನಿಗೆ ತೊಂದರೆ ಕೊಡುತ್ತದೆ, ಅದಕ್ಕೇ ಆಗಾಗ ಕ್ರಿಯಾಟಿನಿನ್ ನೋಡುವುದು. ಬಿಪಿ, ಸಕ್ಕರೆ ಇರುವವರು ಆ ಪರೀಕ್ಷೆ ತಪ್ಪಿಸಬಾರದು. ನೋವಿನ ಮಾತ್ರೆಯನ್ನು ಮೆಡಿಕಲ್ ಸ್ಟೋರ್‌ನಿಂದ ನೀವೇ ತಂದು ನುಂಗುವುದನ್ನು ಬಿಟ್ಟುಬಿಡಿ, ಅದೂ ಕಿಡ್ನಿಗೆ ಕೆಟ್ಟದ್ದು.

ಮೈತುಂಬ ದದ್ದು, ಬಾಯಲ್ಲಿ ಹುಣ್ಣು, ಜ್ವರ, ಕಣ್ಣು ಹಳದಿ, ಉಸಿರಾಟಕ್ಕೆ ಕಷ್ಟ ಇವುಗಳಲ್ಲಿ ಯಾವುದು ಬಂದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಇನ್ನೊಂದು ವಿಷಯ. ಸಿಡಿ4 ತುಂಬಾ ಕೆಳಗಿದ್ದವರಿಗೆ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಜ್ವರ ಬರುವುದು, ಕತ್ತಿನ ಗಂಟು ಊದುವುದು ಉಂಟು. ಮೈಯ ಶಕ್ತಿ ಎಚ್ಚರವಾಗಿ, ಒಳಗೆ ಅಡಗಿದ್ದ ಸೋಂಕಿನ ಮೇಲೆ ಬೀಳುವುದರಿಂದ ಹಾಗಾಗುತ್ತದೆ. ಮಾತ್ರೆಯಿಂದಲೇ ಕೆಟ್ಟಿತು ಅಂತ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ.

ಎಲ್ಲಿ ಇಡುವುದು, ಯಾರಿಗೆ ಹೇಳುವುದು

ಬಾಟಲಿ ಅಲ್ಲಾಡಿದರೆ ಗಲಗಲ ಅನ್ನುತ್ತದೆ. ಡಿಪೋದ ರೆಸ್ಟ್ ರೂಮಿನಲ್ಲಿ ಆ ಸದ್ದಿಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಬಾಟಲಿ ಮನೆಯಲ್ಲಿ, ಬಟ್ಟೆ ಇಡುವ ಬೀರುವಿನಲ್ಲಿ. ಒಲೆ ಮೇಲಿನ ಗೂಡು, ಬಚ್ಚಲಮನೆ, ಗಾಡಿಯ ಡಿಕ್ಕಿ ಬೇಡ. 30 ಡಿಗ್ರಿಗಿಂತ ಜಾಸ್ತಿ ಸೆಕೆ, ತೇವ ಎರಡೂ ಅದಕ್ಕೆ ಆಗದು. ಒಳಗಿರುವ ಸಣ್ಣ ಪೊಟ್ಟಣ ತೇವ ಹೀರುವುದಕ್ಕೆ, ಅದನ್ನು ತೆಗೆದು ಬಿಸಾಡಬೇಡಿ. ಬ್ಯಾಗಿನಲ್ಲಿ ಮುಚ್ಚಳ ಬಿಗಿಯಾದ ಪುಟ್ಟ ಡಬ್ಬಿಯಲ್ಲಿ ಎರಡೇ ಎರಡು ಮಾತ್ರೆ ಇಟ್ಟಿರುತ್ತೇನೆ, ಪಕ್ಕಕ್ಕೆ ಹತ್ತಿ. ಸದ್ದಿಲ್ಲ. ವಾರಕ್ಕೊಮ್ಮೆ ಅವೆರಡನ್ನು ದಿನಕ್ಕೊಂದರಂತೆ ನುಂಗಿ ಹೊಸದು ಹಾಕುತ್ತೇನೆ.

ಹೆಂಡತಿಗೆ ಹೇಳಲು ನನಗೆ 9 ದಿನ ಬೇಕಾಯಿತು. ಆ 9 ದಿನದಲ್ಲಿ ಅನ್ನ ಗಂಟಲಿಗೆ ಇಳಿಯಲಿಲ್ಲ. ಮನೆಯಲ್ಲಿ ಹೇಳುವ ಧೈರ್ಯ ಸಾಲದೆ ಅವಳನ್ನು ಕೇಂದ್ರಕ್ಕೇ ಕರೆದುಕೊಂಡು ಹೋದೆ, ಮೇಡಂ ಮುಂದೆ ಹೇಳಿದೆ. ಅವಳು ಅತ್ತಳು. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಅವಳ ಪರೀಕ್ಷೆ ನೆಗೆಟಿವ್ ಬಂತು. ಸುಮಾರು ದಿನ ನಮ್ಮ ಮಧ್ಯೆ ಅಡುಗೆ ಮನೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಸಾರು ಬಡಿಸುತ್ತಾ "ಮಾತ್ರೆ ತಗೊಂಡ್ರೇನ್ರೀ?" ಅಂತ ಕೇಳಿದಳು. ಇವತ್ತಿಗೂ ಕೇಳುತ್ತಾಳೆ. ಒಬ್ಬರಿಗಾದರೂ ಗೊತ್ತಿರಲಿ ಅಂತ ನಾನು ಹೇಳುವುದು ಇದಕ್ಕೇ. ಜೊತೆಗೆ ಬಾಳುವವರ ಪರೀಕ್ಷೆಯನ್ನಂತೂ ಮುಂದೂಡಬೇಡಿ. ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ನಿಂತರೆ, ದೈಹಿಕ ಸಂಪರ್ಕದಿಂದ ಅದು ಇನ್ನೊಬ್ಬರಿಗೆ ಹೋಗುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು. ಒಟ್ಟಿಗೆ ಉಣ್ಣುವುದು, ಮಕ್ಕಳನ್ನು ಎತ್ತಿಕೊಳ್ಳುವುದು, ಒಂದೇ ಬಚ್ಚಲು ಬಳಸುವುದು, ಇವುಗಳಿಂದ ಯಾವತ್ತೂ ಹರಡುವುದಿಲ್ಲ.

ಕೆಲಸದ ಕಡೆ ಹೇಳಲೇಬೇಕು ಅಂತ ಏನಿಲ್ಲ. ನನ್ನ ಮೊದಲ ರಿಪೋರ್ಟನ್ನು ಒಂದು ಲ್ಯಾಬಿನ ಕೌಂಟರಿನಲ್ಲಿ ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ ಹೇಳಿದರು. ಆಗ ತಲೆ ತಗ್ಗಿಸಿ ಬಂದೆ. ಅದು ತಪ್ಪು, ಕಾನೂನಿಗೆ ವಿರುದ್ಧ ಅಂತ ನನಗೆ ಆಮೇಲೆ ತಿಳಿಯಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಬಯಲು ಮಾಡುವ ಹಾಗಿಲ್ಲ. ಎಚ್‌ಐವಿ ಇದೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಬಿಡಿಸುವುದು, ಚಿಕಿತ್ಸೆ ಇಲ್ಲ ಅನ್ನುವುದು ಎಲ್ಲವೂ ತಪ್ಪು.

ಊರು, ಜಾತ್ರೆ, ಮಾಲೆ

ಹೊರಗೆ ಹೋಗುವಾಗ ಎಷ್ಟು ದಿನವೋ ಅದಕ್ಕೆ ಮೂರು ಮಾತ್ರೆ ಸೇರಿಸಿ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಬ್ಯಾಗಿಗೆ ಹಾಕಬೇಡಿ. ಹಸಿರು ಪುಸ್ತಕದ ಫೋಟೋ ಫೋನಿನಲ್ಲಿರಲಿ. ಬ್ಯಾಗ್ ಕಳೆದು ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಕೇಂದ್ರಕ್ಕೆ ಫೋನ್ ಮಾಡಿ, ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಊರೇ ಬದಲಾದರೆ ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು.

ನಾನು ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತೇನೆ. ಮೊದಲ ಸಲ ಮಾತ್ರೆ ನುಂಗಬಹುದಾ ಅಂತ ಗುರುಸ್ವಾಮಿಯನ್ನು ಕೇಳಿದೆ, ಯಾವ ಮಾತ್ರೆ ಅಂತ ಹೇಳಲಿಲ್ಲ. "ದೇಹ ಕೆಟ್ಟರೆ ಬೆಟ್ಟ ಹತ್ತೋದು ಹೇಗೆ ಸ್ವಾಮಿ?" ಅಂದರು. ಶಿವರಾತ್ರಿ, ಏಕಾದಶಿ ಉಪವಾಸವಿದ್ದರೂ ಒಂದು ಲೋಟ ನೀರಿನಲ್ಲಿ ನುಂಗಿ. ಉಪವಾಸದ ದಿನ ಊಟವಿಲ್ಲ ಅಂತ ನನ್ನ ಕೊಂಡಿ ಕಳಚಿಬಿಡುತ್ತದೆ, ಆ ದಿನ ಮಾತ್ರ ಅಲಾರಂ ಇಡುತ್ತೇನೆ. "ಬೇರು ಸಮೇತ ವಾಸಿ ಮಾಡ್ತೀವಿ" ಅಂತ ಪೋಸ್ಟರ್ ಅಂಟಿಸುವವರ ಹತ್ತಿರ ಹೋಗಬೇಡಿ. ಅಂಥ ಔಷಧಿ ನಂಬಿ ಎಆರ್‌ಟಿ ಬಿಟ್ಟವರೊಬ್ಬರು ಕೇಂದ್ರದ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು. ಅವರ ಚಪ್ಪಲಿಯನ್ನು ಮಗನೇ ಹಾಕಬೇಕಿತ್ತು, ಬಗ್ಗುವ ಶಕ್ತಿ ಇರಲಿಲ್ಲ.

ಮುಂದಿನ ತಾರೀಕು ಪುಸ್ತಕದಲ್ಲಿ ಬರೆದಿರುತ್ತದೆ. ಮೊದಮೊದಲು ತಿಂಗಳಿಗೊಮ್ಮೆ ಹೋಗಬೇಕು. ಎಲ್ಲ ಸರಿಯಾಗಿ ನಿಂತ ಮೇಲೆ ಒಟ್ಟಿಗೆ ಕೆಲವು ತಿಂಗಳ ಮಾತ್ರೆ ಕೊಡುತ್ತಾರೆ. ವೈರಲ್ ಲೋಡ್ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಆ ದಿನ ನೀವೇ ಕೇಳಿ ನಂಬರ್ ಬರೆಸಿಕೊಳ್ಳಿ. ಬಾಟಲಿಯಲ್ಲಿ 5 ಮಾತ್ರೆ ಉಳಿದ ದಿನ ನಾನು ಡ್ಯೂಟಿ ಬದಲಾಯಿಸಿಕೊಳ್ಳಲು ಜೊತೆಗಾರನಿಗೆ ಫೋನ್ ಮಾಡುತ್ತೇನೆ. ಏನು ಕೆಲಸ ಅಂತ ಅವನು ಕೇಳಿದರೆ ಬ್ಯಾಂಕಿಗೆ ಅನ್ನುತ್ತೇನೆ.